ಒಣಗಿದ ಗೋಣಿಚೀಲ

ಮೊನ್ನೆ ಸಿಂಧನೂರಿನ ಮನೆಯಲ್ಲಿ ನೀವು ಹಾಕಿದ ಸಿನಿಮಾದಲ್ಲಿ ಪಟ್ಟಣದ ಒಬ್ಬ ಪುಟ್ಟ ಹುಡುಗಿಯನ್ನು ಮನೆಯೊಳಗೆ ಕೂಡಿಹಾಕಿ ಅಪ್ಪ ಹೊರಟುಹೋದ. ನಾನು ಎದ್ದು ಅಡುಗೆಮನೆಗೆ ನಡೆದೆ. "ಬಾಜೂ ಮನಿಯವರಿಗೆ ಕಿವಿ ಇದ್ದಿಲ್ಲೇನಜ್ಜಿ?" ಎಂದು ನೀವು ಕೇಳಿದಿರಿ. ಒಲೆಯ ಮೇಲೆ ಪಲ್ಯ ಐತಿ ಅಂದೆ. ಒಲೆಯ ಮೇಲೆ ಏನೂ ಇರಲಿಲ್ಲ. ಬಾಯಿಬಿಟ್ಟು ಹೇಳಲಾರದ್ದನ್ನು ಬರೆದಿಡುತ್ತಿದ್ದೇನೆ.

ನಿಮ್ಮಜ್ಜ ಹಟ್ಟಿಯ ಚಿನ್ನದ ಗಣಿಯಲ್ಲಿದ್ದರು. ನಾನು ಮುಕ್ಕುಂದದಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಿದರೆ ಕಿಟಕಿಗೆ ನೆನೆಸಿದ ಗೋಣಿಚೀಲ ಇಳಿಬಿಡುವುದು ನಮ್ಮ ಸಾಲುಮನೆಗಳ ರೂಢಿ. ಒಳಗೆ ತಂಪೂ ಕತ್ತಲೂ ಆಗುತ್ತಿತ್ತು. ಚೀಲ ಕಂಡರೆ ಯಾರೂ ಆ ಬಾಗಿಲು ತಟ್ಟುತ್ತಿರಲಿಲ್ಲ.

ಎದುರುಮನೆಯಲ್ಲಿ ಹೆಂಡತಿ ತೀರಿಕೊಂಡ ಒಬ್ಬ ಗಣಿ ಕೆಲಸಗಾರನಿದ್ದ, ಐದಾರು ವರ್ಷದ ಮಗಳೊಂದಿಗೆ. ಅವನದೂ ನಿಮ್ಮಜ್ಜನದೂ ಒಂದೇ ಪಾಳಿ. ಒಂದು ಸೋಮವಾರ ಆ ಪಾಳಿ ಹಗಲಿಗೆ ಬದಲಾಗಿ ನಿಮ್ಮಜ್ಜ ಬೆಳಿಗ್ಗೆಯೇ ಗಣಿಗೆ ಹೋದರು. ಎದುರಿನ ಕಿಟಕಿಯಲ್ಲಿ ಮಾತ್ರ ಚೀಲ ಹಾಗೇ ಇತ್ತು. ಒಣಗಿ ಗರಿಗರಿಯಾಗಿತ್ತು. ಹಾಗಾದರೆ ಒಳಗೆ ಮಲಗಿದವರು ಯಾರು?

ನಲ್ಲಿಯ ಹತ್ತಿರ ಪಕ್ಕದ ಮನೆಯ ಅಕ್ಕನನ್ನು ಮೆಲ್ಲಗೆ ಕೇಳಿದೆ.

"ಅಯ್ಯ, ಮಂದಿ ಮನಿ ಗಂಡಸು ಮಲಗಿದ್ರ ನಿನಗ್ಯಾಕ ಬೇ ಚಿಂತಿ? ನಿನ್ನ ಗಂಡ ಸಾಲವಲ್ನೇನು?"

ಕೊಡ ಹಿಡಿದವರೆಲ್ಲ ನಕ್ಕರು. ನಾನು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮನೆಗೆ ಬಂದೆ.

ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಆ ಮನೆಯೊಳಗೆ ಪಾತ್ರೆ ಬಿದ್ದ ಸದ್ದಾಯಿತು. ಮಲಗಿದ್ದವನು ಎದ್ದು ಮಗಳನ್ನು ಬೈಯಬೇಕಿತ್ತು. ಬೈಗುಳ ಕೇಳಲಿಲ್ಲ. ಕಾದೆ. ಆಮೇಲೆ ಹಿಟ್ಟಿನ ಕೈಯಲ್ಲೇ ಬೀದಿ ದಾಟಿ ಕಿಟಕಿಯ ಹತ್ತಿರ ನಿಂತೆ.

"ಅವ್ವೀ, ಅಪ್ಪ ಎಲ್ಲ್ಯಾನ?"

ಚೀಲದ ಹಿಂದಿನಿಂದ ಪಿಸುದನಿ ಬಂತು. "ಅಪ್ಪ ಮಲಗ್ಯಾನ. ಸಪ್ಪಳ ಮಾಡಬ್ಯಾಡ್ರಿ."

"ಬಾಗಿಲು ತೆಗಿ ಅವ್ವಿ."

"ಚಿಲಕ ಎಟಕಂಗಿಲ್ರಿ."

ಚೀಲ ಸರಿಸಿದೆ. ಹಾಸಿಗೆ ಖಾಲಿ. ಮಗು ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತಿತ್ತು, ತುಟಿ ಒಡೆದಿತ್ತು, ಪಕ್ಕದಲ್ಲಿ ನೀರಿನ ತಂಬಿಗೆ ಬೋರಲು ಬಿದ್ದಿತ್ತು. ಹಿತ್ತಿಲಿಗೆ ಓಡಿದರೆ ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಜನ್ಮದಲ್ಲಿ ಮೊದಲ ಸಲ ಬೀದಿ ಕೇಳುವಂತೆ ಕೂಗಿದೆ. ಮೊದಲು ಓಡಿ ಬಂದವಳು ನಲ್ಲಿಯ ಹತ್ತಿರ ನಕ್ಕ ಅಕ್ಕನೇ. ಗುಂಡುಕಲ್ಲಿನಿಂದ ಬೀಗ ಒಡೆದವಳೂ ಅವಳೇ. ಎತ್ತಿಕೊಂಡರೆ ಮಗುವಿನ ಮೈ ಹೆಂಚಿನಂತೆ ಸುಡುತ್ತಿತ್ತು. ದವಾಖಾನೆಯ ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ಅದೇ ಮಾತು: "ಅಪ್ಪ ಮಲಗ್ಯಾನ."

ಶನಿವಾರವೇ ಹೋಗಿದ್ದ ಅಪ್ಪ ಮಂಗಳವಾರ ಲಿಂಗಸುಗೂರಿನಿಂದ ಕುಡಿದು ಬಂದ. ವಾರದ ಮೇಲೆ ಮಸ್ಕಿಯಿಂದ ಸೋದರತ್ತೆ ಬಂದು ಹುಡುಗಿಯನ್ನು ಕರೆದುಕೊಂಡು ಹೋದಳು. ಮಗು ಬದುಕಿತು.

ಕಿವಿ ಇದ್ದಿಲ್ಲೇನು ಎಂದು ಕೇಳಿದಿರಲ್ಲ, ಇತ್ತು. ಆ ಪಾತ್ರೆ ಬಿದ್ದದ್ದು ಕೇಳಿದ ಮೇಲೂ, ಯಾರು ಏನು ಅಂದಾರೋ ಎಂದು, ನಾನು ಇನ್ನೂ ನಾಲ್ಕು ರೊಟ್ಟಿ ಬಡಿದಿದ್ದೆ.