ಸೀದಾ ಒಯ್ದ ಪೈಪು

ವ್ಯಾಕರಣ ಕಲಿಸಿಯೇ ಹೊಟ್ಟೆ ಹೊರೆದವನು ನಾನು. ನಾಮವಿಶೇಷಣ ಬೇರೆ, ಕ್ರಿಯಾವಿಶೇಷಣ ಬೇರೆ ಎಂದು ಬೋರ್ಡಿನ ಮೇಲೆ ಅದೆಷ್ಟು ಸಲ ಬರೆದಿದ್ದೇನೋ! ಆದರೆ ಆ ವ್ಯತ್ಯಾಸ ನನಗೇ ತಲೆಗೆ ಹತ್ತಿದ್ದು ದೇವದುರ್ಗದ ಕಡೆಯ ಹೊಳೆದಂಡೆಯ ಊರಲ್ಲಿ ಮಾಸ್ತರಿಕೆ ಹಿಡಿದ ಹೊಸತರಲ್ಲಿ, ಒಂದು ಹಳೆಯ ಎಂಜಿನ್ ದೋಣಿಯ ದೆಸೆಯಿಂದ ಎಂದರೆ ನೀವು ನಗುತ್ತೀರಿ. ನಗಿ. ಆಗಲೂ ಜನ ಬೇಕಾದಷ್ಟು ನಕ್ಕಿದ್ದಾರೆ.

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ಆರು ತಿಂಗಳು. ಹೆಂಡತಿಗೂ ಶಾಲೆಯ ನೌಕರಿಯೇ, ಆದರೆ ಕೃಷ್ಣೆಯ ಆಚೆ ದಂಡೆಯ ಹಳ್ಳಿಯಲ್ಲಿ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಎಂಜಿನ್ ದೋಣಿಯಲ್ಲಿ ಬರುತ್ತಿದ್ದಳು, ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದಳು. ನಾನು ದಂಡೆಯ ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಎಂಜಿನ್ನಿನ ಸದ್ದು ಮೊದಮೊದಲು ಇದ್ದೂ ಇಲ್ಲದ ಹಾಗೆ, ನಿದ್ದೆಯಲ್ಲಿ ಯಾರೋ ಕರೆದ ಹಾಗೆ ಕೇಳುತ್ತಿತ್ತು. ಆಮೇಲೆ ನೀರಿನ ಮೇಲೆ ಜಾರುತ್ತ ಜಾರುತ್ತ ಹತ್ತಿರವಾಗುತ್ತಿತ್ತು. ಜಗತ್ತಿನಲ್ಲಿ ಇದಕ್ಕಿಂತ ಇಂಪಾದ ಸಂಗೀತವಿಲ್ಲವೆಂದು ನನಗೆ ಖಾತ್ರಿಯಾಗಿತ್ತು.

ಒಂದು ಶನಿವಾರ ಆ ಸದ್ದು ಕೇಳಲೇ ಇಲ್ಲ. ದೋಣಿ ಈಚೆ ದಂಡೆಯಲ್ಲೇ ನಿಂತಿತ್ತು. ಟಾಕಿಯಿಂದ ಎಂಜಿನ್ನಿಗೆ ಡೀಸೆಲ್ ತರುವ ಉಕ್ಕಿನ ಪೈಪು ತುಕ್ಕು ಹಿಡಿದು ತೂತು ಬಿದ್ದಿತ್ತು. ಹೊಳೆ ತುಂಬಿದ್ದರಿಂದ ಹರಿಗೋಲು ಹಾಕುವವರೂ ಇಲ್ಲ. ಆಚೆ ದಂಡೆಯಲ್ಲಿ ಹೆಂಡತಿ ಕಡ್ಡಿಯಷ್ಟು ಕಾಣಿಸುತ್ತಿದ್ದಳು. ಕೊಡೆ ಎತ್ತಿ ಆಡಿಸಿದಳು, ನಾನು ಟವೆಲ್ಲು ಬೀಸಿದೆ. ನಡುವೆ ಕೆಂಪು ನೀರು ತನ್ನ ಪಾಡಿಗೆ ಹೋಗುತ್ತಿತ್ತು. ಬಹಳ ಹೊತ್ತು ನಿಂತಿದ್ದು ಆಕೆ ತಿರುಗಿ ನಡೆದಳು. ನನಗೆ ಅಳು ಬಂದಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

"ಎಂಜಿನ್ ಮುದುಕ ಆಗೇದ್ರಿ. ಇದರ ಪೈಪು ಅಂಗಡ್ಯಾಗ ಸಿಗಂಗಿಲ್ಲ, ಮಾಡಿಸಬೇಕು. ರಾಯಚೂರಾಗ ಮಹಬೂಬ್ ಉಸ್ತಾದ್ ಅದಾರ" ಎಂದ ದೋಣಿ ನಡೆಸುವ ಹನುಮಂತಪ್ಪ. ನಾನೇ ಒಯ್ಯುತ್ತೇನೆ ಎಂದೆ. ಅವನು ಪೈಪು ಬಿಚ್ಚಿ ನನ್ನ ಕೈಗಿಟ್ಟು, "ಸೀದಾ ಒಯ್ರಿ ಮಾಸ್ತರ. ಮರೀಬ್ಯಾಡ್ರಿ, ಸೀದಾ!" ಎಂದು ಒತ್ತಿ ಹೇಳಿದ.

ಪೈಪು ನೋಡಿದರೆ ಸೊಟ್ಟಸೊಟ್ಟ, ನಡುವೆ ಒಂದು ಪೂರಾ ಸುರುಳಿ ಬೇರೆ. ಪಾಪ, ಹೊಡೆತ ತಿಂದು ಹೀಗಾಗಿದೆ ಎಂದುಕೊಂಡೆ. ಅವನು 'ಸೀದಾ' ಎಂದದ್ದು ನನ್ನ ಪ್ರಯಾಣಕ್ಕೆ, ನಾನು ಹಚ್ಚಿದ್ದು ಪೈಪಿಗೆ. ಕ್ರಿಯೆಯ ವಿಶೇಷಣವನ್ನು ನಾಮಪದಕ್ಕೆ ಕಟ್ಟಿದ ಪಂಡಿತ ನಾನು, ಭಾನುವಾರವಿಡೀ ಅದನ್ನು ಶಾಲೆಯ ಕಿಟಕಿಯ ಸರಳುಗಳ ನಡುವೆ ಸಿಕ್ಕಿಸಿ, ಒಂದೊಂದೇ ಬಾಗು ಬಿಡಿಸಿ, ಅಡಿಪಟ್ಟಿ ಇಟ್ಟು ನೋಡಿ ನೇರ ಮಾಡಿದೆ. ಸೋಮವಾರ ರಜೆ ಹಾಕಿ, ಪೈಪನ್ನು ರಾಜದಂಡದ ಹಾಗೆ ಹಿಡಿದು ರಾಯಚೂರಿನ ಬಸ್ಸು ಹತ್ತಿದೆ.

ತೀನ್ ಕಂದೀಲ್ ಚೌಕದ ಹತ್ತಿರದ ಓಣಿಯಲ್ಲಿ ಉಸ್ತಾದರ ಅಂಗಡಿ. ಅವರು ಪೈಪನ್ನು ಅತ್ತಿತ್ತ ಹೊರಳಿಸಿ ನೋಡಿದರು.

"ಉದ್ದ ತಂದೀರಿ. ಸೊಟ್ಟ ಎಲ್ಲಿ ಬಿಟ್ಟು ಬಂದ್ರಿ?"

"ನಾನ ಸೀದಾ ಮಾಡೀನ್ರಿ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಉಸ್ತಾದರು ಹಣೆ ಬಡಿದುಕೊಂಡರು. "ಅರೇ ಮಾಸ್ತರ್ ಸಾಬ್, ಸೊಟ್ಟ ಮಾಡಾಕಂತ ನಾ ಇಲ್ಲಿ ಕುಂತೀನಿ! ಎಂಜಿನ್ ನಡುಗ್ತದ, ಆ ನಡುಕ ಎಲ್ಲಾ ಸುರುಳಿ ನುಂಗ್ತದ. ಸೀದಾ ಪೈಪು ಹಾಕಿದ್ರ ನಾಕು ದಿನಕ್ಕ ಬಿರೀತದ. ಹೆಂಗಿತ್ತು, ನೆನಪದಾ?"

ಇಲ್ಲದೆ ಏನು! ಒಂದು ದಿನವಿಡೀ ಅದರ ಬಾಗುಗಳೊಡನೆ ಕುಸ್ತಿ ಹಿಡಿದಿದ್ದೆನಲ್ಲ, ಅಂಗೈಗೆ ಎಲ್ಲ ನೆನಪಿತ್ತು. ಜೇಬಿನ ಸೀಮೆಸುಣ್ಣ ತೆಗೆದು, ಅಕ್ಷರದ ಹೆಸರು ಹೇಳುತ್ತ ಹೇಳುತ್ತ ನೆಲದ ಮೇಲೆ ಬರೆದೆ. ಟಾಕಿಯ ಕಡೆ 'ರ'ದಂಥ ಬಾಗು, ನಡುವೆ 'ಅ'ದ ಹೊಟ್ಟೆಯಂಥ ಸುರುಳಿ, ಕೊನೆಗೊಂದು ಕೊಂಬು.

"ನಿಮ್ಮ ಕನ್ನಡದಾಗ ಸೀದಾ ಗೀಟ ಇಲ್ಲೇನ್ರಿ?" ಎಂದರು ಉರ್ದು ಮಾತ್ರ ಓದಬಲ್ಲ ಉಸ್ತಾದರು.

ಮಾತು ಸುಳ್ಳಲ್ಲ. ತಾಳೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಲೇಖನಿಯಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತಂತೆ, ಅದಕ್ಕೇ ನಮ್ಮ ಅಕ್ಷರಗಳು ದುಂಡಗಾದವಂತೆ. ಇದನ್ನು ಮಕ್ಕಳಿಗೆ ಪಾಠ ಹೇಳುತ್ತಲೇ ಇದ್ದೆ. ಗರಿ ಸೀಳುತ್ತದೆಂದು ತಿಳಿದವನಿಗೆ ಪೈಪು ಬಿರಿಯುತ್ತದೆಂದು ಹೊಳೆದಿರಲಿಲ್ಲ.

ಉಸ್ತಾದರು ಹೊಸ ಪೈಪಿಗೆ ಉಸುಕು ತುಂಬಿ, ಎರಡೂ ಬಾಯಿ ಮುಚ್ಚಿ, ಕಾಯಿಸಿ ಕಾಯಿಸಿ ನನ್ನ ಅಕ್ಷರಗಳ ಮೇಲಿಟ್ಟು ಬಾಗಿಸಿದರು. ಉಸುಕಿಲ್ಲದಿದ್ದರೆ ಬಾಗಿದಲ್ಲಿ ಪೈಪು ಚಪ್ಪಟೆಯಾಗುತ್ತದಂತೆ. ಆಮೇಲೆ ಉಸುಕೆಲ್ಲ ಉದುರಿಸಿ, ಡೀಸೆಲ್ ಹಾಯಿಸಿ ತೊಳೆದರು. ನಾನು ಕೈ ಚಾಚಿದರೆ ಕೊಡಲೇ ಇಲ್ಲ. "ಕೊನಿ ಬಾಗು ದೋಣ್ಯಾಗ ಕುಂತು ಅಳತಿಗೆ ಕೂಡಿಸ್ತೀನಿ. ಶನಿವಾರ ಬರ್ತೀನಿ. ನಿಮ್ಮ ಕೈಗೆ ಕೊಟ್ರ ಮತ್ತ ಸೀದಾ ಮಾಡೀರಿ."

ಹೇಳಿದಂತೆಯೇ ಬಂದರು. ಆಚೆ ದಂಡೆಯಲ್ಲಿ ಕೊಡೆ ಆಗಲೇ ಬಿಚ್ಚಿಕೊಂಡಿತ್ತು. ಉಸ್ತಾದರು ಕೊನೆಯ ಬಾಗು ಕೂಡಿಸಿ ನಟ್ಟು ಬಿಗಿದರು, ಹನುಮಂತಪ್ಪ ಹ್ಯಾಂಡಲ್ಲು ತಿರುಗಿಸಿದ. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹತ್ತಿಕೊಂಡಿತು. ನನ್ನ 'ಅ' ಗಡಗಡ ನಡುಗಿತು, ಒಂದು ಹನಿಯೂ ಸೋರಲಿಲ್ಲ. ದೋಣಿ ಹೋದ ಮೇಲೆ ನಾನು ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿದೆ. ಸದ್ದು ದೂರ ಹೋಗಿ, ಕರಗಿ, ಎಷ್ಟೋ ಹೊತ್ತಿನ ಮೇಲೆ ಮತ್ತೆ ಇದ್ದೂ ಇಲ್ಲದ ಹಾಗೆ ಶುರುವಾಯಿತು.

ಇಳಿದವಳು ಸೀರೆಯ ಅಂಚಿನ ನೀರು ಹಿಂಡಿದಳು. ಎರಡು ವಾರದ ಮೇಲೆ ನೋಡುತ್ತಿದ್ದೆ.

"ಸೀದಾ ಮನಿಗೆ ಹೋಗೂಣೇನ್ರಿ?" ಎಂದಳು.

"ಬ್ಯಾಡ" ಎಂದೆ. "ಸುತ್ತು ಹಾಕ್ಕೊಂಡು ಹೋಗೂಣು."