ಹಿತ್ತಲಲ್ಲಿ ನಿಲ್ಲಿಸಿದ ಪೈಪು

ನನ್ನ ಗಂಡ ಆಡುಗಳಿಗೆ ಸೊಪ್ಪು-ತಪ್ಪಲು ಕಡಿಯಲು ಹತ್ತಿದಾಗ ಬೇವಿನ ಮರದಿಂದ ಬಿದ್ದರು. ದುಬಲಗುಂಡಿಯ ನಮ್ಮ ಮನೆಯಲ್ಲಿ ಆಡು ಕಾಯುವುದು ತಲೆಮಾರಿನ ಕೆಲಸ. ಮರ ಹತ್ತುವುದು ಅವರಿಗೆ ಅಂಗಳದಲ್ಲಿ ನಡೆದಾಡಿದಷ್ಟೇ ಸಲೀಸಾಗಿತ್ತು. ನಾನು ಓಡಿಹೋದಾಗ ಕಣ್ಣು ಬಿಟ್ಟೇ ಮಲಗಿದ್ದರು.

"ನನ್ನ ಕಾಲು ಎಲ್ಲ್ಯಾವ ನೋಡು. ನನಗ ಗೊತ್ತಾಗವಲ್ದು" ಎಂದರು.

ಕಾಲುಗಳು ಇದ್ದಲ್ಲೇ ಇದ್ದವು. ಹುಮನಾಬಾದಿನ ದವಾಖಾನೆಯವರು ದೊಡ್ಡ ಊರಿಗೆ ಕಳಿಸಿದರು. ಬೆನ್ನಿನ ಆಪರೇಷನ್ ಆಯಿತು. ಆದರೆ ಸೊಂಟದ ಕೆಳಗೆ ಏನೂ ತಿರುಗಿ ಬರಲಿಲ್ಲ.

ಮನೆಗೆ ಬಂದ ಮೇಲೆ ಅವರು ಹಗ್ಗದ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಹುಣ್ಣಾಗಬಾರದೆಂದು ಮಾವ ಒಂದು ಕಡೆ, ನಾನು ಒಂದು ಕಡೆ ಹಿಡಿದು ಹೊರಳಿಸುತ್ತಿದ್ದೆವು. ಆದರೂ ಹುಣ್ಣಾಯಿತು. ನಾವು ಎತ್ತುವಾಗಲೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಮುಂಜಾನೆ ಬಹಳ ಶಾಂತವಾದ ದನಿಯಲ್ಲಿ, "ತೊಗರಿಗಿ ಹೊಡಿಯೋ ಎಣ್ಣಿ ಎಲ್ಲಿ ಇಟ್ಟೀದಿ?" ಎಂದು ಕೇಳಿದರು. ನಾನು ಆ ಕೀಟನಾಶಕದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯಲ್ಲಿ ಇಟ್ಟು ಬಂದೆ. ಅವತ್ತಿನಿಂದ ನೀರು ತರಲು ನಳದವರೆಗೆ ಹೋಗುವುದಕ್ಕೂ ಹೆದರಿಕೆಯಾಗತೊಡಗಿತು. ಅರ್ಧ ಕೊಡ ತುಂಬಿದೊಡನೆ ಎತ್ತಿಕೊಂಡು ಬರುತ್ತಿದ್ದೆ.

ತಪಾಸಣೆಗೆಂದು ಹುಮನಾಬಾದಿಗೆ ಕರೆದುಕೊಂಡು ಹೋದಾಗ ಅಲ್ಲಿ ವ್ಯಾಯಾಮ ಕಲಿಸುವ ಮೇಡಂ ಒಬ್ಬರು ಅವರ ತೋಳು ಒತ್ತಿ ನೋಡಿ ನನ್ನನ್ನು ಹೊರಗೆ ಕರೆದರು.

"ಕಾಲಿನ ಕೆಲಸ ಇನ್ನ ಕೈ ಮಾಡಬೇಕ್ರಿ. ಜೋತು ಬೀಳಾಕ ಮನಿ ಹಿಂದ ಒಂದು ಪೈಪು ಹಾಕಿಸ್ರಿ. ರಟ್ಟಿಗಿ ಬಲ ಬಂದ್ರ ತಾವೇ ಎದ್ದು ಕುರ್ಚಿ ಮ್ಯಾಲ ಕುಂದರ್ತಾರ" ಎಂದರು.

ತಾವೇ ಎದ್ದು ಎಂಬ ಮಾತೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಬಸವಕಲ್ಯಾಣದಲ್ಲಿರುವ ನನ್ನ ಅಣ್ಣ ಹಳೆಯ ತಗಡು-ಪತ್ರಾಸಿನ ಶೆಡ್ಡು ಕಿತ್ತಿದ್ದ. ಅದರ ಕಬ್ಬಿಣದ ಪೈಪುಗಳನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದ. ಹಿತ್ತಲಲ್ಲಿ ಎರಡು ಕುಣಿ ತೋಡಿ, ಕಂಬ ನಿಲ್ಲಿಸಿ, ಕಲ್ಲು ಮಣ್ಣು ತುಂಬಿ ಹಾರೆಯಿಂದ ಜಡಿದೆವು. ಮೇಲೆ ಅಡ್ಡ ಪೈಪಿಟ್ಟು ನಟ್ಟು ಬೋಲ್ಟು ಬಿಗಿದೆವು. ಶಾಲೆಯ ಮೈದಾನದಲ್ಲಿ ಹುಡುಗರು ಜೋತುಬೀಳುವ ಪೈಪಿನಷ್ಟೇ ಎತ್ತರಕ್ಕೆ ಅಣ್ಣ ಅದನ್ನು ಕಟ್ಟಿದ್ದ. ತಾನೇ ಜೋತುಬಿದ್ದು ತೂಗಾಡಿ, "ಗಟ್ಟಿ ಅದ" ಎಂದು ಊರಿಗೆ ಹೋದ.

ಆ ವಾರ ಮಳೆ ಹೊಡೆಯಿತು. ಎರೆಮಣ್ಣು ನೆನೆದರೆ ಎಷ್ಟು ಸಡಿಲಾಗುತ್ತದೆಂದು ಗೊತ್ತಿದ್ದವಳು ನಾನು; ಆದರೂ ಕಾಯುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಮಾವ ಮತ್ತು ನಾನು ಅವರನ್ನು ಹೊತ್ತು ತಂದು, ಸೊಂಟ ಹಿಡಿದು ಮೇಲೆತ್ತಿದೆವು. ಅವರು ಪೈಪು ಹಿಡಿದರು. ನಾವು ಮೆಲ್ಲಗೆ ಕೈ ಸಡಿಲಿಸಿದೆವು. ಎಡಗಡೆಯ ಕಂಬ ಹಾಗೇ ವಾಲಿತು. ಅವರು ಮಾವನ ಮೇಲೆಯೇ ಬಿದ್ದರು. ಇಬ್ಬರೂ ಕೆಸರಿನಲ್ಲಿ ಬಿದ್ದಿದ್ದರು. ಮೊದಲು ಯಾರನ್ನು ಎತ್ತಬೇಕೆಂದು ತಿಳಿಯದೆ ನಾನು ಸುಮ್ಮನೆ ನಿಂತುಬಿಟ್ಟೆ.

"ಸಾಕು ಮಾಡು. ನನ್ನ ಜೋಡಿ ಅಪ್ಪನ್ನೂ ಮಲಗಿಸಬ್ಯಾಡ" ಎಂದರು.

ಅವರನ್ನು ಒಳಗೆ ಸೇರಿಸಿ ಬಂದು, ಸಿಟ್ಟಿನಿಂದ ಆ ಕಂಬವನ್ನು ಕೀಳಲು ಹೋದೆ. ನನ್ನ ಗಂಡನ ಭಾರ ತಡೆಯದ ಕಂಬ ನಾನು ಎಳೆದರೆ ಬರಲಿಲ್ಲ. ಅದನ್ನು ತಬ್ಬಿಕೊಂಡೇ ಅತ್ತುಬಿಟ್ಟೆ.

ಮಾವನ ಬೆನ್ನು ಹಿಡಿದುಬಿಟ್ಟಿತು. ಎದ್ದು ಓಡಾಡುವಂತಾದ ಮೇಲೆ, ಮಗನಿಗೂ ಕೇಳಿಸುವಂತೆ ಹೇಳಿದರು: "ಇನ್ನ ಅವನ್ನ ನಾ ಎತ್ತಾಂಗಿಲ್ಲವ್ವ. ನನ್ನ ಕೈಲೆ ಆಗಾಂಗಿಲ್ಲ." ಒಬ್ಬಳೇ ಹೊರಳಿಸಲು ಹೋದರೆ ಅವರ ಕಾಲು ಹೊರಸಿನ ಅಂಚಿಗೆ ಉಜ್ಜಿ ಗಾಯವಾಗುತ್ತಿತ್ತು. ಅದು ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ರಕ್ತ ಕಂಡು ನಾನೇ ಹೇಳಬೇಕಿತ್ತು. ಹುಣ್ಣು ದೊಡ್ಡದಾಯಿತು. ಅವರು ಊಟ ಕಡಿಮೆ ಮಾಡಿದರು.

ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಹೊರಸಿನ ಮೇಲೆ ಕುಳಿತಾಗ ಸುಮ್ಮನೆ ಕೈ ಮೇಲೆತ್ತಿ ನೋಡಿದೆ. ನನ್ನ ಬೆರಳು ಮುಟ್ಟಿದಷ್ಟು ಎತ್ತರಕ್ಕೆ ಪೈಪಿದ್ದರೆ ಅವರನ್ನು ಯಾರೂ ಎತ್ತಬೇಕಾಗಿಯೇ ಇರಲಿಲ್ಲ. ನಾವು ನಡೆಯುವವರು, ನಡೆಯುವವರ ಎತ್ತರಕ್ಕೇ ಕಟ್ಟಿದ್ದೆವು.

ನೆಲ ಒಣಗಿದ ಮೇಲೆ ಹಳೆಯ ಕುಣಿ ಬಗೆದೆ. ಎರೆಮಣ್ಣು ಮುಗಿದು ಗಟ್ಟಿಯಾದ ಕೆಂಪು ಮುರುಮು ಮಣ್ಣು ಸಿಗುವವರೆಗೂ ಹಾರೆ ಬಿಡಲಿಲ್ಲ. ಅಂಗೈ ಸುಲಿದು ರೊಟ್ಟಿ ಬಡಿಯಲು ಬರದಂತಾಯಿತು. ಅಣ್ಣ ಮತ್ತೆ ಬಂದು ಕಂಬಗಳನ್ನು ಗರಗಸದಿಂದ ಕೊಯ್ದು ಗಿಡ್ಡ ಮಾಡಿ, ಸಿಮೆಂಟು ಹಾಕಿ ನಿಲ್ಲಿಸಿದ. ಅದು ಗಟ್ಟಿಯಾಗುವವರೆಗೆ ದಿನಾ ನೀರು ಹನಿಸಿದೆ. ಆಮೇಲೆ ಅಣ್ಣನೂ ನಾನೂ ಹೊರಸನ್ನು ಅವರ ಸಮೇತ ಹಿತ್ತಲಿಗೆ ಎಳೆದು ತಂದು ಪೈಪಿನ ಕೆಳಗಿಟ್ಟೆವು. ಬೆನ್ನಿಗೆ ತುಂಬಿದ ಚೀಲ ಆನಿಸಿ ಕೂರಿಸಿದೆವು.

ಅವರು ಪೈಪನ್ನು ನೋಡಿದರು. ಕೈ ಎತ್ತಲಿಲ್ಲ.

"ನನಗ ಬ್ಯಾಡ."

"ಮಾವನ ಬೆನ್ನು ಹೋಗ್ಯಾದ. ನನ್ನ ಒಬ್ಬಾಕಿ ಕೈಲೆ ಆಗವಲ್ದ್ರಿ" ಎಂದೆ. ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಬಾಯಿ ನಿಲ್ಲಲಿಲ್ಲ. "ಆ ಎಣ್ಣಿ ಡಬ್ಬಿ ಕೇಳಿದ್ರಲ್ಲ, ಅವತ್ತಿಂದ ನಾ ನಿದ್ದಿ ಮಾಡಿಲ್ಲ. ನಾ ಯಾರಿಗಿ ಹೇಳಲಿ ಹೇಳ್ರಿ."

ಅಣ್ಣ ಬೇರೆ ಕಡೆ ನೋಡಿದ. ಆಡುಗಳು ದೊಡ್ಡಿಯಲ್ಲಿ ಒದರುತ್ತಿದ್ದವು. ಅವರು ಎರಡೂ ಕೈ ಎತ್ತಿ ಪೈಪು ಹಿಡಿದರು. ಕುತ್ತಿಗೆಯ ನರ ಉಬ್ಬಿ, ತೋಳು ಥರಥರ ನಡುಗಿತು. ಬೆನ್ನು ಚೀಲದಿಂದ ತುಸು ಬಿಟ್ಟಿತೇ ಹೊರತು ಸೊಂಟ ಅಲುಗಲಿಲ್ಲ. ಅವರ ಮುಖ ಕಂಡು ನನಗೆ ಕೂಗಿ ಅಳಬೇಕೆನಿಸಿತು. ಆದರೆ ಅವರು ಕೈ ಬಿಡಲಿಲ್ಲ. ಬೆರಳುಗಳು ತಾವಾಗಿಯೇ ಜಾರಿದವು.

ಎಷ್ಟೋ ದಿನ ಅಷ್ಟೇ ಆಗುತ್ತಿತ್ತು. ಕೆಲವು ದಿನ ಅದೂ ಇಲ್ಲ. ಒಂದು ಸಂಜೆ ನಾನು ಮೇವು ಹಾಕುತ್ತಿದ್ದಾಗ ಅವರು ಹೆಸರು ಹಿಡಿದು ಕರೆದರು. ತಿರುಗಿ ನೋಡಿದರೆ ಕೆಳಗಿನ ಕೌದಿ ಮತ್ತು ಅವರ ನಡುವೆ ಬೆಳಕು ಕಾಣುತ್ತಿತ್ತು. ಧೊಪ್ಪನೆ ಕುಳಿತು ಏದುಸಿರು ಬಿಟ್ಟರು. ಆಮೇಲೆ ಮೊದಲ ಸಲ ಅತ್ತರು.

ಈಗ ಅವರು ಆ ಪೈಪು ಹಿಡಿದು, ಹಿತ್ತಲಲ್ಲಿ ಹಾಕಿದ ಹೊರಸಿನಿಂದ ಗಾಲಿ ಕುರ್ಚಿಗೆ ತಾವೇ ಬರುತ್ತಾರೆ. ಹುಣ್ಣು ಮಾಯ್ದಿದೆ. ಕಾಲು ಬಂದಿಲ್ಲ, ಬರುವುದೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗುವ ದಿನಗಳು ಇನ್ನೂ ಇವೆ. ಅಂಥ ದಿನ ನಾನು ದೂರ ಹೋಗುವುದಿಲ್ಲ.

ಮೊನ್ನೆ ಬಿಸಿಲಿಗೆ ಪೈಪು ಕಾದು ಅಂಗೈ ಸುಟ್ಟಿತೆಂದು ಹಳೆಯ ಸೀರೆಯ ಅಂಚು ಹರಿದು ಅದಕ್ಕೆ ಸುತ್ತುತ್ತಿದ್ದೆ. ಅವರು ನೋಡುತ್ತಾ ಕುಳಿತಿದ್ದರು.

"ಬಚ್ಚಲದಾಗೂ ಇಂಥದೊಂದು ಬೇಕು. ನಿಮ್ಮ ಅಣ್ಣಗ ಹೇಳು, ಇನ್ನೊಂದು ಪೈಪು ಉಳದಾದೇನು ಕೇಳು" ಎಂದರು.

"ನೀವೇ ಕೇಳ್ರಿ" ಎಂದು ಫೋನು ಅವರ ಕೈಗೆ ಕೊಟ್ಟೆ.