ಮಾತೆಯ ಕೊರಳಿನ ಕಪ್ಪು ನಾಣ್ಯಗಳು

ಚರ್ಚಿನ ಮಾತೆ ಮರಿಯಳ ಮೂರ್ತಿಯ ನಾಣ್ಯದ ಸರ ಮನೆಗೆ ಬಂದಂದಿನಿಂದ ಕಂದೆಲಾರಿಯಾಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ಕರ್ಚಾ ಊರಿನಲ್ಲಿ ಆ ಸರವನ್ನು ವರ್ಷಕ್ಕೊಂದು ಮನೆ ಕಾಯಬೇಕು, ಹಬ್ಬದ ದಿನ ಹಿರಿಯರಿಗೆ ಒಪ್ಪಿಸಬೇಕು. ಸ್ಪೇನಿನ ರಾಜರ ಕಾಲದ ಬೆಳ್ಳಿ ಅದು. ಹಿಂದೊಮ್ಮೆ ಕಾದವರು ನಾಣ್ಯ ಬದಲಿಸಿದರೆಂದು ಗುಲ್ಲೆದ್ದಿತ್ತು. ನಿಜವೋ ಸುಳ್ಳೋ, ಕೇಳುವ ತಾಳ್ಮೆ ಯಾರಿಗಿತ್ತು? ಊರವರು ಅವರ ಮನೆ ಸುಟ್ಟ ಜಾಗದಲ್ಲಿ ಈಗ ಕಳೆ ಬೆಳೆದಿದೆ. ಕಂದೆಲಾರಿಯಾ ಸಂತೆಗೆ ಹೋಗುವುದು ಅದರ ಮುಂದೆಯೇ.

ಹಾಗೆಂದು ಅವಳು ಕೆಲಸ ತಿಳಿಯದವಳಲ್ಲ. ಅಪ್ಪ ಬೆಳ್ಳಿ ಕೆಲಸದವನು. ಹಳೆಯ ನಾಣ್ಯ ತೊಳೆಯುವುದನ್ನು ಕೈ ಹಿಡಿದು ಕಲಿಸಿದ್ದ. ಉಗುರುಬೆಚ್ಚಗಿನ ನೀರು, ಚೂರು ಸೋಪು, ಒಂದು ಸಲಕ್ಕೆ ಒಂದೇ ನಾಣ್ಯ, ಅದೂ ಅಂಚು ಹಿಡಿದು. ಉಜ್ಜಕೂಡದು, ಮೆತ್ತನೆ ಬಟ್ಟೆಯಿಂದ ಒತ್ತಿ ನೀರು ಹೀರಬೇಕು. ಧೂಪದ ಮಸಿ ಹೋದರೆ ಸಾಕು, ಬೆಳ್ಳಿಗೆ ತಾನಾಗಿ ಹಿಡಿದ ಕಪ್ಪು ಹಾಗೇ ಉಳಿಯಬೇಕು. ಊರವರು ತಮ್ಮ ನಾಣ್ಯವನ್ನು ಗುರುತಿಸುವುದೇ ಆ ಕಪ್ಪಿನಿಂದ.

ಹಬ್ಬದ ಮುನ್ನಾದಿನ ಸರ ಬಿಚ್ಚಿ, ಒಂದು ನಾಣ್ಯ ತೊಳೆದಿಟ್ಟು, ಸಾರಿಗೆ ಟರ್ಕಿ ಕೋಳಿ ತರಲು ಹೋದಳು. ಬರುವಷ್ಟರಲ್ಲಿ ನಾದಿನಿ ತೊಮಾಸಾ, ಪಾಪ, ನೆರವಾಗಲೆಂದು ಇನ್ನೊಂದನ್ನು ನಿಂಬೆರಸ, ಉಪ್ಪು ಹಾಕಿ ತಿಕ್ಕಿಬಿಟ್ಟಿದ್ದಳು. ಹಬ್ಬಕ್ಕೆ ಎಲ್ಲರೂ ಕಿವಿಯೋಲೆ ಬೆಳಗುವುದು ಹಾಗೇ ತಾನೆ? ನಾಣ್ಯ ನಿನ್ನೆ ಮೊನ್ನೆಯದರಂತೆ ಫಳಫಳ ಹೊಳೆಯುತ್ತಿತ್ತು. ಕಂದೆಲಾರಿಯಾ ಅದನ್ನು ಕಸಿದುಕೊಂಡಳು.

"ಇದನ್ನ ನೋಡಿದ್ರೆ ನಮ್ಮನ್ನ ಜೀವಂತ ಬಿಡ್ತಾರೇನೇ?"

ತೊಮಾಸಾ ಅಳುತ್ತಲೇ ಉಪಾಯ ಹೇಳಿದಳು: ಬೆಂದ ಮೊಟ್ಟೆ ಹಿಸುಕಿ, ಜೊತೆಗೆ ಬೆಳ್ಳಿ ಇಟ್ಟು ಮುಚ್ಚಿದರೆ ಕಪ್ಪಾಗುತ್ತದೆ. ಅದು ಮೋಸಗಾರರ ಕೆಲಸ ಎಂದು ಅಪ್ಪ ಹೇಳುತ್ತಿದ್ದುದು ಕಂದೆಲಾರಿಯಾಗೆ ನೆನಪಿತ್ತು. ಆದರೂ ಒಲೆ ಹಚ್ಚಿದಳು. ಸಂಜೆಗೆ ನಾಣ್ಯ ಕಾಡಿಗೆಯಂತೆ ಕಪ್ಪಾಗಿತ್ತು. ಉಳಿದವನ್ನು ಅವಳು ತೊಳೆಯಲೇ ಇಲ್ಲ.

ಮರುದಿನ ಹಿರಿಯರಲ್ಲಿ ಹಿರಿಯರಾದ ದೊನ್ ಕ್ರಿಸಾಂತೊ ಚರ್ಚಿನಲ್ಲಿ ಮಾತೆಯ ಮುಂದೆ ಕೂತು ಒಂದೊಂದೇ ನಾಣ್ಯ ನೋಡಿದರು. ಮೊಟ್ಟೆಯ ಜೊತೆ ಇಟ್ಟಿದ್ದ ನಾಣ್ಯ ಅವರ ಕೈಗೆ ಬಂತು. ಅವರು ಅದಕ್ಕೆ ಮುತ್ತಿಟ್ಟು ಪಕ್ಕಕ್ಕಿಟ್ಟರು. ಕಂದೆಲಾರಿಯಾಗೆ ಹೋದ ಜೀವ ಬಂದಂತಾಯಿತು. ಆಮೇಲೆ ಬಂದದ್ದು ಅವಳು ಸೋಪಿನಲ್ಲಿ ತೊಳೆದ ನಾಣ್ಯ. ಅವರ ಕೈ ಅಲ್ಲೇ ನಿಂತಿತು.

"ಇದು ನಮ್ದಲ್ಲ."

"ನಮ್ದೇ ಅಜ್ಜಾ. ಮಸಿ ತೊಳ್ದಿದೀನಿ, ಅಷ್ಟೇ."

"ನಮ್ದಾಗಿದ್ರೆ ಅದ್ರ ಹಾಗೇ ಕಪ್ಪಗಿರ್ಬೇಕಿತ್ತಲ್ಲಮ್ಮ?" ಎಂದು ಅವರು ಮುತ್ತಿಟ್ಟ ನಾಣ್ಯವನ್ನೇ ತೋರಿಸಿದರು.

ಹಿಂದೆ ನಿಂತ ಗಂಡಸರು ಗುಸುಗುಸು ಮಾತಾಡತೊಡಗಿದರು. ಬಾಯಿ ಮುಚ್ಚಿಕೊಂಡರೆ ಕಳ್ಳಿ, ಬಿಟ್ಟರೆ ಮೋಸಗಾತಿ. ಕಂದೆಲಾರಿಯಾ ಬಾಯಿ ಬಿಟ್ಟಳು.

"ಅದೂ ನಮ್ದೇ ಅಜ್ಜಾ. ಆದ್ರೆ ಅದ್ರ ಮೇಲಿನ ಕಪ್ಪು ನಾನು ಹಾಕಿದ್ದು."

ದೊನ್ ಕ್ರಿಸಾಂತೊ ಎರಡೂ ನಾಣ್ಯಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಯಾವುದು ಊರಿನದು ಎಂದು ಅವರಿಗೂ ಗೊತ್ತಾಗುತ್ತಿಲ್ಲ ಎಂಬುದು ಅವಳಿಗೆ ತಿಳಿಯಿತು, ಅವಳ ನಿಜವಾದ ಹೆದರಿಕೆ ಶುರುವಾದದ್ದು ಆಗಲೇ. ನಾಣ್ಯಕ್ಕೆ ಮುತ್ತಿಟ್ಟಿದ್ದ ತುಟಿಯನ್ನು ಅವರು ತೋಳಿನಿಂದ ಒರೆಸಿಕೊಂಡರು.

"ಬಾಗ್ಲು ಹಾಕ್ರಪ್ಪ," ಎಂದು ಹಿಂದಿನ ಗಂಡಸರಿಗೆ ಹೇಳಿದರು.